ಬರಿಗೈಯ ಬಳೆಶಾಸ್ತ್ರ

ಜಯನಗರ ಡಯಾಲಿಸಿಸ್ ಸೆಂಟರ್,
3 ಜುಲೈ 2025

ನಾಲ್ಕನೇ ಹಾಸಿಗೆಯ ಸೋಮ-ಬುಧ-ಶುಕ್ರದವರಿಗೆ, ಅದೇ ಹಾಸಿಗೆಯ ಮಂಗಳ-ಗುರು-ಶನಿಯವನ ನಮಸ್ಕಾರ.

ನಿಮ್ಮ ಹೆಸರು ಗೊತ್ತಿಲ್ಲ. ಫೋನ್ ನಂಬರ್ ಕೇಳಿದ್ದಕ್ಕೆ ಟೆಕ್ನಿಷಿಯನ್ ಹಣಮಪ್ಪ, "ಪೇಶಂಟ್ ನಂಬರ್ ಕೊಡಾಂಗಿಲ್ರೀ ಸರ, ರೂಲ್ಸ್ ಐತಿ. ಚೀಟಿ ಬರದ್ ಕೊಡ್ರಿ, ಮುಟ್ಟಸ್ತೀನಿ" ಎಂದ. ಆದ್ದರಿಂದ ಈ ಚೀಟಿ.

ನನ್ನವು ಎರಡು ದೂರು. ನೀವು ಹಿಂದಿನ ದಿನದ ಕೊನೆಯ ಪಾಳಿ, ನಾನು ಮರುದಿನದ ಮೊದಲ ಪಾಳಿ. ನೀವು ಹಾಸಿಗೆಯ ತಲೆಭಾಗವನ್ನು ಕುರ್ಚಿಯ ಹಾಗೆ ಎತ್ತಿಟ್ಟು ಹೋಗುತ್ತೀರಿ. ಇಳಿಸುವ ಹಿಡಿಗೆ ತುಕ್ಕು. ಹಣಮಪ್ಪನೂ ನಾನೂ ಸೇರಿ ದಿನವೂ ಅದರ ಜೊತೆ ಕುಸ್ತಿ ಮಾಡಬೇಕು. ಇನ್ನೊಂದು ದೂರು ಹಾಸಿಗೆಯ ಸಂದಿಯಲ್ಲಿದ್ದ ಹಸಿರು ಗಾಜಿನ ಬಳೆಚೂರಿನದು. ಇವತ್ತು ಬೆನ್ನಿಗೆ ಚುಚ್ಚಿತು. ಇಲ್ಲಿ ನಮ್ಮನ್ನು ಚುಚ್ಚಲಿಕ್ಕೆಂದೇ ಸಂಬಳ ಕೊಟ್ಟು ಜನರನ್ನು ಇಟ್ಟಿದ್ದಾರೆ. ನಿಮ್ಮ ಬಳೆಯ ಸಹಾಯ ಬೇಡ.

ಹಾಸಿಗೆ ಎತ್ತರ, ನನ್ನ ಬೆನ್ನು ತತ್ತರ, ದಯವಿಟ್ಟು ಕೊಡಿ ಉತ್ತರ.

ಅಕ್ಷರ ಸೊಟ್ಟಗಿದ್ದರೆ ಸಹಿಸಿಕೊಳ್ಳಿ. ಬಲಗೈಯಲ್ಲಿ ಸೂಜಿ ಇದೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ.

ಇಂತು, ಅರ್ಧ ಹಾಸಿಗೆಯ ಹಕ್ಕುದಾರ,
ಬದರಿನಾಥ, ಹನುಮಂತನಗರ


7 ಜುಲೈ 2025

ಬದರಿನಾಥ ಅವರಿಗೆ ಅರೆಕೆರೆ ನಾರಾಯಣಮ್ಮ ಬರೆಯುವುದು.

ನಾನು ಕಾಗದ ಬರೆದು ಮೂವತ್ತು ವರ್ಷವಾಯಿತು. ಕೊನೆಯದು ತವರಿಗೆ, ಎಮ್ಮೆ ಕರು ಹಾಕಿದೆ ಅಂತ. ಆದರೆ ಇದು ಜಗಳದ ಕಾಗದ, ತಾನಾಗೇ ಬರುತ್ತಿದೆ.

ಹಾಸಿಗೆ ಯಾಕೆ ಎತ್ತುತ್ತೇನೆ ಅಂದರೆ, ಚಪ್ಪಟೆ ಮಲಗಿದರೆ ನನಗೆ ಮುಖವೆಲ್ಲ ಬಿಗಿದುಕೊಳ್ಳುತ್ತದೆ. ಬೆಳಿಗ್ಗೆ ಕನ್ನಡಿ ನೋಡಿದರೆ ಯಾರೋ ಬಾರಿಸಿದ ಹಾಗೆ ಕಣ್ಣು ಬಾತಿರುತ್ತದೆ. ನಮ್ಮ ಯಜಮಾನರು ಚಿಕ್ಕಬೈರಪ್ಪನವರು "ನಿದ್ದೆ ಜಾಸ್ತಿ ಆಗಿದೆ ನಿಂಗೆ" ಅಂತಾರೆ. ಬಲಗೈ ಉಂಗುರವೂ ಅಷ್ಟೇ, ಸೋಪು ಹಚ್ಚಿದರೂ ಬರುತ್ತಿಲ್ಲ. ಮಗಳು ಅರ್ಪಿತ "ಅಮ್ಮಾ, ನೀನು ದಪ್ಪ ಆಗ್ತಿದೀಯ" ಅಂತಾಳೆ. ಉಪ್ಪಿಲ್ಲ, ಬೇಳೆ ಇಲ್ಲ, ನೀರು ಚಮಚದಲ್ಲಿ. ಯಾವುದು ತಿಂದು ದಪ್ಪ ಆಗಲಿ, ಗಾಳಿಯಾ?

ಜನವರಿಯಿಂದ ನನಗೆ ಕತ್ತಿನ ಬಲಗಡೆ ಹಾಕಿರುವ ಟ್ಯೂಬಿನಲ್ಲೇ ಡಯಾಲಿಸಿಸ್. ಮುಚ್ಚಳ ತೆಗಿ, ಪೈಪು ಸೇರಿಸು, ಮುಗಿಯಿತು. ನೋವೇ ಇಲ್ಲ. ಕೈಗೆ ದಬ್ಬಣದಂಥ ಸೂಜಿ ಚುಚ್ಚಿಸಿಕೊಳ್ಳುವ ನಿಮ್ಮಂಥವರನ್ನು ನೋಡಿದರೆ ಅಯ್ಯೋ ಅನಿಸುತ್ತದೆ.

ಬಳೆಚೂರಿಗೆ ತಪ್ಪಾಯಿತು. ಹಾಸಿಗೆಗೆ ತಪ್ಪಾಗಲಿಲ್ಲ.

ಇಂತಿ, ಇನ್ನರ್ಧ ಹಾಸಿಗೆಯ
ನಾರಾಯಣಮ್ಮ


12 ಜುಲೈ 2025

ನಾರಾಯಣಮ್ಮನವರಿಗೆ,

ಹಾಸಿಗೆಯ ವ್ಯಾಜ್ಯ ಹಿಂತೆಗೆದುಕೊಂಡಿದ್ದೇನೆ. ಎಷ್ಟು ಬೇಕಾದರೂ ಎತ್ತಿಕೊಳ್ಳಿ. ಆದರೆ ನೀವು ತಮಾಷೆಗೆಂದು ಬರೆದ ಆ ಮುಖ, ಆ ಉಂಗುರ ನನಗೆ ತಮಾಷೆಯಾಗಿ ಕಾಣಲಿಲ್ಲ. ಇನ್ನೊಂದು ಕೇಳುತ್ತೇನೆ, ಮುಜುಗರಪಡಬೇಡಿ. ಭುಜದ ಮೇಲೆ, ಎದೆಯ ಮೇಲ್ಭಾಗದಲ್ಲಿ ನೀಲಿ ಗೆರೆಗಳು ಹೊಸದಾಗಿ ಕಾಣುತ್ತಿವೆಯೆ? ಕಾಣುತ್ತಿದ್ದರೆ ಸೋಮವಾರವೇ ಡಾಕ್ಟರಿಗೆ ತೋರಿಸಿ.

ಯಾಕೆ ಹೇಳುತ್ತಿದ್ದೇನೆಂದರೆ ಈ ಪಾಠಕ್ಕೆ ನಾನು ಫೀಸು ಕಟ್ಟಿದವನು. ನನ್ನ ಕೆಲಸ ಮದುವೆ ಕರೆಯೋಲೆಗಳ ಒಕ್ಕಣೆ ಬರೆಯುವುದು. ಗಾಂಧಿ ಬಜಾರಿನ ಒಂದು ಪ್ರೆಸ್ಸಿನಲ್ಲಿ ಇಪ್ಪತ್ತು ವರ್ಷದಿಂದ ವಧೂವರರಿಗೆ ಪ್ರಾಸ ಜೋಡಿಸುತ್ತಿದ್ದೇನೆ. ಮೂರು ವರ್ಷದ ಹಿಂದೆ ಕಿಡ್ನಿ ಕೈಕೊಟ್ಟಾಗ ಎಡಗಡೆ ಕಾಲರ್ ಮೂಳೆಯ ಕೆಳಗೆ ಟ್ಯೂಬು ಹಾಕಿದರು. "ಇದು ತಾತ್ಕಾಲಿಕ ಕಣ್ರೀ. ಕೈಯಲ್ಲಿ ಬೇಗ ಫಿಸ್ಟುಲಾ ಮಾಡಿಸಿಕೊಳ್ಳಿ" ಎಂದರು ಡಾಕ್ಟರು. ನಾನು ಎಂದೆ, "ಮದುವೆ ಸೀಸನ್ ಮುಗೀಲಿ ಸಾರ್." ಕಂಡವರ ಮದುವೆಗಾಗಿ ಎಂಟು ತಿಂಗಳು ಆ ಟ್ಯೂಬನ್ನು ಸಾಕಿದೆ.

ಟ್ಯೂಬು ಒಳಗೆ ಸುಮ್ಮನೆ ಇರುವುದಿಲ್ಲ ಅಮ್ಮ. ಒಂದೊಂದು ಉಸಿರಿಗೂ ರಕ್ತನಾಳದ ಗೋಡೆಗೆ ಉಜ್ಜುತ್ತದೆ. ಉಜ್ಜಿದ ಜಾಗ ದಡ್ಡುಗಟ್ಟುತ್ತದೆ, ದಾರಿ ಕಿರಿದಾಗುತ್ತದೆ. ಎದೆಗೆ ಇಳಿಯಬೇಕಾದ ರಕ್ತ ಹಿಂದಕ್ಕೆ ನಿಲ್ಲುತ್ತದೆ. ಕೊನೆಗೂ ಎಡಗೈಯಲ್ಲಿ ಫಿಸ್ಟುಲಾ ಮಾಡಿಸಿಕೊಂಡೆ. ಅಂದರೆ ಅಲ್ಲಿನ ಎರಡು ರಕ್ತನಾಳಗಳನ್ನು ಒಂದಕ್ಕೊಂದು ಹೊಲಿಯುವುದು. ಹೊಲಿದ ಮೇಲೆ ಅದು ಸೂಜಿ ತಡೆಯುವಷ್ಟು ದಪ್ಪವಾಗುತ್ತದೆ. ನನ್ನದು ದಪ್ಪವಾಯಿತು, ಜೊತೆಗೆ ಇಡೀ ಕೈಯೇ ದಪ್ಪವಾಯಿತು. ಮೇಲಿನ ದಾರಿ ಮುಚ್ಚಿಹೋಗಿತ್ತಲ್ಲ. ಆ ಫಿಸ್ಟುಲಾವನ್ನು ಕಟ್ಟಿಹಾಕಿದರು, ಊತ ಮಾತ್ರ ಉಳಿಯಿತು. ಆಮೇಲೆ ಬಲಗೈಯಲ್ಲಿ ಇನ್ನೊಂದು ಮಾಡಿದರು, ಈಗ ಆ ಕೈ ಒಂದೇ ನನ್ನ ಬಂಡವಾಳ. ಈ ಕಾಗದ ಬರೆಯುತ್ತಿರುವ ಎಡಗೈ ಹಲಸಿನಕಾಯಿಯ ತಮ್ಮ.

ನೀವು ಯಾಕೆ ಮಾಡಿಸಿಕೊಂಡಿಲ್ಲ? ಯಾರೂ ಹೇಳಲಿಲ್ಲವೆ?

ಇಂತು, ನಿಮ್ಮ
ಬದರಿನಾಥ


18 ಜುಲೈ 2025

ಬದರಿನಾಥ ಅವರಿಗೆ,

ನೀಲಿ ಗೆರೆ ಇದೆ. ರವಿಕೆ ಹೊಲಿಯುವವಳು ಮೊದಲು ನೋಡಿದಳು.

ಡಾಕ್ಟರಮ್ಮ ಫೆಬ್ರವರಿಯಲ್ಲೇ ಹೇಳಿದ್ದರು. ಎಡಗೈ ಮಣಿಕಟ್ಟಿನಲ್ಲಿ ಮಾಡುತ್ತೇವೆ, ಆಮೇಲೆ ಆ ಕೈಗೆ ಬಳೆ ಹಾಕಬಾರದು, ಕೊಡ ಎತ್ತಬಾರದು, ಬಿ.ಪಿ. ನೋಡಿಸಬಾರದು. ಕೊಡ, ಬಿ.ಪಿ. ಎರಡಕ್ಕೂ ಒಪ್ಪಿದೆ. ಬಳೆಗೆ ಒಪ್ಪಲಿಲ್ಲ.

ನಗಬೇಡಿ. ನಮ್ಮ ಕಡೆ ಮುತ್ತೈದೆ ಒಂದು ಗಳಿಗೆಯೂ ಬರಿಗೈಯಲ್ಲಿ ಇರುವುದಿಲ್ಲ. ಹಳೆಯ ಬಳೆ ತೆಗೆಯುವಾಗಲೂ ಒಂದು ಉಳಿಸಿಕೊಂಡು ಹೊಸದು ಏರಿಸಬೇಕು. ಕೈ ಬರಿದಾದರೆ ಗಂಡನಿಗೆ ಕುತ್ತಂತೆ. ಈ ಗಂಡ ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಾನೆ, ಅದರಿಂದ ಕುತ್ತಿಲ್ಲ, ನನ್ನ ಗಾಜಿನ ಬಳೆಯಿಂದ ಕುತ್ತು! ಹೀಗೆಲ್ಲ ಬಾಯಲ್ಲಿ ಹೇಳುತ್ತೇನೆ. ಆದರೆ ಎಡಗೈ ಬರಿದು ಮಾಡಿ ನೋಡಿದೆ ಒಂದು ದಿನ, ಬಚ್ಚಲಲ್ಲಿ. ತಕ್ಷಣ ಹಾಕಿಕೊಂಡೆ.

ಡಿಸೆಂಬರ್ ಏಳಕ್ಕೆ ಅರ್ಪಿತನ ಮದುವೆ. ಅದಕ್ಕೆ ಮುಂಚೆ ಬಳೆಶಾಸ್ತ್ರ. ಮನೆಯ ಹೆಂಗಸರೆಲ್ಲ ಸಾಲಾಗಿ ಕೂತು ಎರಡೂ ಕೈ ತುಂಬ ಹಸಿರು ಬಳೆ ತೊಡಬೇಕು, ಮೊದಲು ಹುಡುಗಿಯ ತಾಯಿ. ಅದೊಂದು ಮುಗಿಯಲಿ, ಆಮೇಲೆ ಕೈ ಕತ್ತರಿಸಿಕೊಂಡು ಹೋಗಲಿ.

ಇನ್ನೊಂದು ಮಾತು. ನೀವು ಬಸ್ಸಿನಲ್ಲಿ, ಪ್ರೆಸ್ಸಿನಲ್ಲಿ, ಬೇಸಿಗೆಯಲ್ಲಿ ಕೂಡ ತುಂಬುತೋಳಿನ ಅಂಗಿ ಹಾಕಿ ಆ ಊದಿದ ಕೈ ಮುಚ್ಚಿಕೊಂಡು ಓಡಾಡುತ್ತೀರಂತೆ. ಹಣಮಪ್ಪ ಹೇಳಿದ. ನನಗೆ ಬಳೆ ಬಿಚ್ಚು ಅನ್ನುವವರು ಮೊದಲು ನಿಮ್ಮ ತೋಳು ಬಿಚ್ಚಿ.

ಇಂತಿ
ನಾರಾಯಣಮ್ಮ


22 ಜುಲೈ 2025

ಅಮ್ಮ,

ಆ ಹಣಮಪ್ಪನಿಗೆ ನಂಬರ್ ಕೊಡಲು ಮಾತ್ರ ರೂಲ್ಸು.

ನೀವು ಡಿಸೆಂಬರ್ ಎನ್ನುತ್ತೀರಿ, ನಾನು ಸೀಸನ್ ಮುಗೀಲಿ ಎಂದವನು. ಇಬ್ಬರದೂ ಒಂದೇ ಒಕ್ಕಣೆ, ಹೆಸರು ಬೇರೆ. ಫಿಸ್ಟುಲಾ ಹಣ್ಣಾಗಲು ಎರಡು ತಿಂಗಳು ಬೇಕು. ಡಿಸೆಂಬರಿನಲ್ಲಿ ಶುರು ಮಾಡಿದರೆ ಫೆಬ್ರವರಿ. ಅಲ್ಲಿಯ ತನಕ ಆ ಟ್ಯೂಬು ನಿಮ್ಮ ಕತ್ತಿನಲ್ಲಿ ಉಜ್ಜುತ್ತಲೇ ಇರುತ್ತದೆ. ಬಲಗಡೆಯ ದಾರಿ ಮುಚ್ಚಿ ಟ್ಯೂಬನ್ನು ಎಡಕ್ಕೆ ಹಾಕಿದರೆ ಎಡಗೈಯ ಆಸೆಯೂ ಬಿಡಬೇಕು. ಆಮೇಲೆ ಮಿಷನ್ನು ಇರುತ್ತದೆ, ಹಾಸಿಗೆ ಇರುತ್ತದೆ, ರಕ್ತ ತೆಗೆಯಲು ಜಾಗ ಇರುವುದಿಲ್ಲ. ಆಗ ಏನಾಗುತ್ತದೆಂದು ನಾನು ಬರೆಯುವುದಿಲ್ಲ.

ಕೈ ಉಳಿದರೆ ಬಳೆ ನೂರಾರು. ಕೈಯೇ ಹೋದರೆ ತೊಡೋರು ಯಾರು?

ಸವಾಲು ಒಪ್ಪಿದೆ. ನಿಮ್ಮ ಆಪರೇಷನ್ ಆದ ಮರುದಿನದಿಂದ ನನ್ನದು ಅರ್ಧ ತೋಳು.

ಬದರಿನಾಥ


15 ಆಗಸ್ಟ್ 2025

ಬದರಿನಾಥ ಅವರಿಗೆ,

ಅಂಗಿ ಹೊಲಿಸಿ. ಎಂಟನೇ ತಾರೀಕು ಆಯಿತು. ವರಮಹಾಲಕ್ಷ್ಮಿ ಹಬ್ಬದ ದಿನವೇ. ಆ ದಿನ ಯಾರೂ ಬರುವುದಿಲ್ಲ, ಥಿಯೇಟರ್ ಖಾಲಿ ಅಂದರು. ಹಬ್ಬದ ದಿನ ಬಳೆ ಬಿಚ್ಚಿ ಹೋದವಳು ಅರೆಕೆರೆಯಲ್ಲಿ ನಾನೊಬ್ಬಳೇ ಇರಬೇಕು.

ಈಗ ಮಣಿಕಟ್ಟಿನ ಮೇಲೆ ಬೆರಳಿಟ್ಟರೆ ಗುಂಯ್ ಅನ್ನುತ್ತದೆ. ಕಿವಿಗೆ ಹಿಡಿದರೆ ಹಿಟ್ಟಿನ ಗಿರಣಿ ದೂರದಲ್ಲಿ ಓಡಿದ ಹಾಗೆ. ಅರ್ಪಿತ ಕೇಳಿಸಿಕೊಂಡು "ಅಮ್ಮಾ, ಸಖತ್ತಾಗಿದೆ" ಅಂದಳು. ಯಜಮಾನರು ಮುಟ್ಟಲಿಲ್ಲ. ನನ್ನ ಎಡಗೈ ಕಡೆ ನೋಡದೆ ಊಟ ಮಾಡುತ್ತಾರೆ. ಬೀಡಿ ಮಾತ್ರ ಒಂದು ಕಟ್ಟಿಗೆ ಇಳಿದಿದೆ. ಹೆದರಿಕೆಗೆ.

ಇಂತಿ
ನಾರಾಯಣಮ್ಮ


19 ಆಗಸ್ಟ್ 2025

ಅಮ್ಮನವರಿಗೆ,

ಇವತ್ತು ಅರ್ಧ ತೋಳಿನಲ್ಲಿ ಬಂದೆ. ಬಸ್ಸಿನಲ್ಲಿ ಪಕ್ಕದವನು ಎದ್ದು ನಿಂತ. ಗೌರವಕ್ಕೋ ಹೆದರಿಕೆಗೋ ತಿಳಿಯಲಿಲ್ಲ, ಸೀಟಂತೂ ಸಿಕ್ಕಿತು. ಒಬ್ಬ ಅಜ್ಜಿ "ಏನಪ್ಪಾ, ಆನೆಕಾಲು ಕೈಗೂ ಬರ್ತದಾ?" ಎಂದು ಕೇಳಿದರು. "ಇಲ್ಲಜ್ಜಿ, ಇದು ಸೊಂಡಿಲು" ಎಂದೆ. ಜಯನಗರ ಬರುವ ತನಕ ನಕ್ಕರು. ಎರಡು ವರ್ಷ ಮುಚ್ಚಿಟ್ಟಿದ್ದು ಇಷ್ಟಕ್ಕಾ ಅನಿಸಿತು.

ನಿಮಗೆ ಒಂದೇ ವ್ರತ. ಬೆಳಿಗ್ಗೆ ಎದ್ದ ಕೂಡಲೇ ಬೆರಳಿಟ್ಟು ನೋಡುವುದು. ಗುಂಯ್ ನಿಂತರೆ ಕಾಫಿಗೂ ಕಾಯಬೇಡಿ, ಆಸ್ಪತ್ರೆಗೆ ಓಡಿ. ಆ ಕೈಗೆ ಬಿಗಿಯಾದದ್ದೇನೂ ಬೇಡ. ಏನೂ ಅಂದರೆ ಏನೂ.

ಬದರಿನಾಥ


1 ಸೆಪ್ಟೆಂಬರ್ 2025

ಬದರಿನಾಥ ಅವರಿಗೆ,

ಗುಂಯ್ ನಿಂತಿತು.

ಗೌರಿ ಹಬ್ಬದ ದಿನ ನಾದಿನಿ ಪಿಳ್ಳಮ್ಮ ಬಾಗಿನ ತಗೊಂಡು ಬಂದಳು. ನನ್ನ ಕೈ ನೋಡಿ ಬಾಗಿನ ಕೊಡದೆ ನಿಂತಳು. "ನಮ್ಮಣ್ಣ ಇನ್ನೂ ಬದ್ಕವ್ನೆ ಕಣಕ್ಕ" ಅಂದಳು, ಅಷ್ಟೇ. ಒಂದು ದಿನ ತಾನೇ ಅಂದುಕೊಂಡೆ. ಗಾಯದ ಮೇಲಕ್ಕೆ ಒಂದು ಡಜನ್ ಏರಿಸಿದೆ. ಇನ್ನೂ ಊತ ಇತ್ತು, ಬಿಗಿಯಾಯಿತು. ಪೂಜೆ ಮುಗಿಸಿದೆ, ಒಬ್ಬಟ್ಟು ತಟ್ಟಿದೆ. ಮರುದಿನ ಬೆಳಿಗ್ಗೆ ಕಿವಿಗೆ ಹಿಡಿದರೆ ಸದ್ದಿಲ್ಲ.

ಅವತ್ತು ಬುಧವಾರ, ಇಲ್ಲಿಗೆ ಬಂದೆ. ನಾಚಿಕೆಯಾಗಿ ಯಾರಿಗೂ ಹೇಳಲಿಲ್ಲ, ಸೆರಗಿನಲ್ಲಿ ಮುಚ್ಚಿಕೊಂಡೆ. ಶುಕ್ರವಾರ ಹಣಮಪ್ಪನೇ ಹಿಡಿದು ನೋಡಿ ತಲೆ ತಗ್ಗಿಸಿದ. ಅದೇ ದಿನ ಹೇಳಿದ್ದರೆ ಹೆಪ್ಪು ತೆಗೆಯಬಹುದಿತ್ತೇನೋ, ಈಗ ಆಗುವುದಿಲ್ಲ ಅಂದರು ಡಾಕ್ಟರಮ್ಮ.

ಬೈಯಿರಿ.

ನಾರಾಯಣಮ್ಮ


2 ಸೆಪ್ಟೆಂಬರ್ 2025

ಅಮ್ಮ,

ಬೈಯಲು ಪ್ರಾಸ ಹುಡುಕಿದೆ, ಸಿಗಲಿಲ್ಲ. ಪ್ರಾಸ ಸಿಗದಷ್ಟು ಸಿಟ್ಟು ಬಂದಿದೆ. ನಿಮ್ಮ ಮೇಲಲ್ಲ, ಆ ಒಂದು ಡಜನ್ನಿನ ಮೇಲೆ.

ಮಣಿಕಟ್ಟು ಹೋದರೆ ಮೊಣಕೈ ಇದೆ. ಮುಖದ ಊತವನ್ನೂ ಬಲಗೈಯನ್ನೂ ಮುಂದಿಟ್ಟು ಪರೀಕ್ಷೆ ಮಾಡಿ ಎಂದು ಕೇಳಿ. ನಾಳೆಯೇ ಕೇಳಿ. ಡಿಸೆಂಬರ್ ಎನ್ನಬೇಡಿ.

ಬದರಿನಾಥ


16 ಸೆಪ್ಟೆಂಬರ್ 2025

ಅಮ್ಮ,

ಹತ್ತು ದಿನದಿಂದ ಹಾಸಿಗೆ ಚಪ್ಪಟೆ. ಸೋಮವಾರ ಬೇರೆ ಯಾರೋ ಮಲಗುತ್ತಿದ್ದಾರಂತೆ. ಹಣಮಪ್ಪನನ್ನು ಕೇಳಿದರೆ "ಅಡ್ಮಿಟ್ ಆಗ್ಯಾರಿ, ಅಷ್ಟ ಗೊತ್ತು" ಎಂದು ಮಿಷನ್ನಿನ ಕಡೆ ತಿರುಗುತ್ತಾನೆ. ತಿರುಗುವ ಅಗತ್ಯವೇನಿರಲಿಲ್ಲ. ಅದು ಅಲಾರಂ ಹೊಡೆದಿರಲಿಲ್ಲ.

ಈ ಚೀಟಿಯನ್ನು ಡ್ರಾಯರಿನಲ್ಲೇ ಇಡುತ್ತೇನೆ. ನನಗೆ ಚಪ್ಪಟೆ ಹಾಸಿಗೆ ಬೇಡ.

ಬದರಿ


29 ಸೆಪ್ಟೆಂಬರ್ 2025

ತಮ್ಮ ಬದರಿ,

ಬಂದಿದ್ದೇನೆ. ಹಾಸಿಗೆ ಎತ್ತಿಸಿದ್ದೇನೆ, ನಾಳೆ ಕುಸ್ತಿ ಮಾಡಿಕೋ.

ಐದನೇ ತಾರೀಕು ಚಳಿ ಬಂತು. ಮೂರು ಕಂಬಳಿ ಹೊದ್ದರೂ ಹಲ್ಲು ಕಟಕಟ. ಟ್ಯೂಬಿನೊಳಗೆ ಸೋಂಕು. ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಹಳೆಯ ಟ್ಯೂಬು ತೆಗೆದು, ಜ್ವರ ಇಳಿದ ಮೇಲೆ ಹೊಸದು ಹಾಕಲು ಹೋದರೆ ತಂತಿಯೇ ಒಳಗೆ ಇಳಿಯಲಿಲ್ಲ. ಬಣ್ಣದ ಔಷಧಿ ಬಿಟ್ಟು ಚಿತ್ರ ತೆಗೆದರು. ಡಾಕ್ಟರಮ್ಮ ಸ್ಕ್ರೀನು ನನ್ನ ಕಡೆ ತಿರುಗಿಸಿದರು. "ನೋಡಿಮ್ಮಾ, ರಕ್ತ ಎದೆಗೆ ಇಳಿಯೋ ದಾರಿ ಇದು. ಬೆರಳಷ್ಟು ದಪ್ಪ ಇರ್ಬೇಕು. ಇಲ್ಲಿ ದಾರದಂಗೆ ಆಗಿದೆ." ಅದರ ಸುತ್ತ ಹುಳದ ಹಾಗೆ ಸಣ್ಣ ಸಣ್ಣ ನಾಳ. ಬನ್ನೇರುಘಟ್ಟ ರಸ್ತೆ ಮುಚ್ಚಿದಾಗ ಗಾಡಿಗಳೆಲ್ಲ ನಮ್ಮ ಗಲ್ಲಿಗೆ ನುಗ್ಗುತ್ತಾವಲ್ಲ, ಹಾಗೇ.

ಬಲೂನು ಬಿಟ್ಟು ದಾರಿ ಅಗಲ ಮಾಡಿದರು. ಟ್ಯೂಬು ಹೋಯಿತು. "ಮತ್ತೆ ಕಿರಿದಾಗಬಹುದು. ಕತ್ತಿನಲ್ಲಿ ಇನ್ನು ಹೆಚ್ಚು ದಿನ ಇಟ್ಟುಕೊಳ್ಳೋ ಹಾಗಿಲ್ಲ. ಎಡಗೈ ಕಡೆ ದಾರಿ ಚೆನ್ನಾಗಿದೆ, ಮೊಣಕೈಲಿ ಮಾಡೋಣ. ಮನೆಯವರನ್ನ ಕೇಳ್ಬೇಕಾ?" ಅಂದರು.

"ಕೈ ಯಾರ್ದು?" ಅಂದೆ.

ಇಪ್ಪತ್ತನಾಲ್ಕಕ್ಕೆ ಆಯಿತು. ಈ ಸಲ ಗಿರಣಿಯಲ್ಲ, ಲಾರಿ.

ಆಸ್ಪತ್ರೆಯಲ್ಲಿ ಜೊತೆಗಿದ್ದವರು ನಮ್ಮತ್ತೆ. ಎಂಬತ್ತಮೂರು ವರ್ಷ. ಮಾವ ಹೋಗಿ ನಲವತ್ತಾಯಿತು, ಅವತ್ತು ಒಡೆದ ಬಳೆ ಮತ್ತೆ ತೊಟ್ಟವರಲ್ಲ. ನಾನು ಪಿಳ್ಳಮ್ಮನ ಮಾತು ನೆನೆಸಿಕೊಂಡು ಅಳುತ್ತಿದ್ದೆ. ಅತ್ತೆ ಕಿತ್ತಳೆ ಸುಲಿಯುತ್ತಿದ್ದರು. ನನಗಲ್ಲ, ನನಗೆ ಕಿತ್ತಳೆ ಆಗಬಾರದಲ್ಲ, ಅವರಿಗೇ. ಒಂದು ತೊಳೆ ಬಾಯಿಗೆ ಹಾಕಿಕೊಂಡು, "ಬರಿಗೈ ಬರಿಗೈ ಅಂತ ಸಾಯ್ತೀಯಲ್ಲೇ. ಅರೆಕೆರೇಲಿ ಎಂಟು ಎಕರೆ ರಾಗಿ ಬೆಳೆದಿದ್ದು ಯಾವ್ ಕೈ? ನಿನ್ ಗಂಡುನ್ನ ಸಾಕಿದ್ದು ಯಾವ್ ಕೈ?" ಅಂದರು. ಅದಾದ ಮೇಲೆ ನಾನು ಅಳಲಿಲ್ಲ.

ಇಂತಿ ನಿನ್ನ ಅಕ್ಕ
ನಾರಾಯಣಮ್ಮ


30 ಸೆಪ್ಟೆಂಬರ್ 2025

ಅಕ್ಕ,

ಹಣಮಪ್ಪ ಹಾಸಿಗೆ ಇಳಿಸಲು ಬಂದ. ಇರಲಿ ಬಿಡು ಎಂದೆ. ನಾಲ್ಕು ಗಂಟೆ ಮಹಾರಾಜನ ಹಾಗೆ ಕೂತೇ ಇದ್ದೆ. ಬೆನ್ನು ನೋಯುತ್ತಿದೆ. ಸಂತೋಷ.

ಬದರಿ


24 ನವೆಂಬರ್ 2025

ತಮ್ಮ ಬದರಿ,

ಹತ್ತನೇ ತಾರೀಕು ಮೊದಲ ಸೂಜಿ. ದಬ್ಬಣವೇ. ಹಣಮಪ್ಪ "ಉಸಿರ್ ಬಿಡ್ರಿ ಅವ್ವಾರ" ಅಂದ. ಉಸಿರು ಬಿಡಲಿಲ್ಲ, ಅವನ ವಂಶವನ್ನೆಲ್ಲ ಒಂದು ಸುತ್ತು ಬೈದೆ. ಅವನು ಟೇಪು ಅಂಟಿಸುತ್ತಾ "ಮಿಷನ್ ಚಲೋ ಓಡಾಕತ್ತೈತಿ, ಇನ್ನೂ ಬೈರಿ" ಅಂದ.

ಐದು ಸಲ ಸರಿಯಾಗಿ ಓಡಿದ ಮೇಲೆ ಶುಕ್ರವಾರ ಕತ್ತಿನ ಟ್ಯೂಬು ತೆಗೆದರು. ನಿನ್ನೆ ತಲೆಗೆ ನೀರು ಹಾಕಿಕೊಂಡೆ. ಗಾಯಕ್ಕೆ ಪ್ಲಾಸ್ಟಿಕ್ ಅಂಟಿಸಿಕೊಂಡು, ಅರ್ಪಿತನ ಕೈಯಲ್ಲಿ ಹಂಡೆ ನೀರು ಹುಯ್ಯಿಸಿಕೊಂಡೆ. ಹತ್ತು ತಿಂಗಳಾಗಿತ್ತು ಕಣೋ. ದೀಪಾವಳಿಗೂ ಒದ್ದೆ ಬಟ್ಟೆಯಲ್ಲಿ ತಲೆ ಒರೆಸಿಕೊಂಡಿದ್ದೆ. ನೀರು ಬೆನ್ನ ಮೇಲೆ ಇಳಿದಾಗ ಜೋರಾಗಿ ಕೂಗಿಬಿಟ್ಟೆ. ಬಾಡಿಗೆಯವರೆಲ್ಲ ಆಚೆ ಬಂದು ನೋಡಿದರು.

ಉಂಗುರ ಬಿಚ್ಚುತ್ತದೆ. ಮುಖ ನನ್ನದೇ ಹಾಗಿದೆ. ಇನ್ನು ಮೂರು ತಿಂಗಳಿಗೆ ಮತ್ತೆ ಚಿತ್ರ ತೆಗೆಯಬೇಕಂತೆ, ಕಿರಿದಾಗಿದ್ದರೆ ಮತ್ತೆ ಬಲೂನಂತೆ. ಆಗಲಿ, ಬರುತ್ತೇನೆ ಅಂದೆ.

ಅರ್ಪಿತನ ಕರೆಯೋಲೆ ಜೊತೆಗಿದೆ. ಒಕ್ಕಣೆ ನಿನ್ನದಲ್ಲ, ಆದ್ದರಿಂದ ಪ್ರಾಸ ಇಲ್ಲ, ಓದಲು ಹಾಯಾಗಿದೆ.

ಬಳೆಶಾಸ್ತ್ರ ಡಿಸೆಂಬರ್ ನಾಲ್ಕಕ್ಕೆ. ಪಿಳ್ಳಮ್ಮ ಈಗಲೇ ಫೋನು ಮಾಡಿ "ನಾಕಾದ್ರೂ ಹಾಕ್ಕೊಳ್ತೀಯ ತಾನೇ?" ಅಂತ ಕೇಳಿದ್ದಾಳೆ.

ನಿನ್ನ ಅಕ್ಕ
ನಾರಾಯಣಮ್ಮ


25 ನವೆಂಬರ್ 2025

ಅಕ್ಕ,

ಒಕ್ಕಣೆಯಲ್ಲಿ ಎರಡು ಕಾಗುಣಿತ ತಪ್ಪಿದೆ. ಪ್ರಾಸ ಬಿಟ್ಟವರಿಗೆ ಹೀಗೇ ಆಗುವುದು. ಮದುವೆಗೆ ಬರುತ್ತೇನೆ.

ನಾಲ್ಕನೇ ತಾರೀಕು ಗುರುವಾರ, ನಾನು ಇಲ್ಲಿ ಮಲಗಿರುತ್ತೇನೆ. ಅಲ್ಲಿ ನಿಮ್ಮ ಪರವಾಗಿ ಮಾತಾಡಲು ಬರಲಾಗುವುದಿಲ್ಲ. ನಾಲ್ಕಾದರೂ ಬೇಡ. ಒಂದಾದರೂ ಬೇಡ.

ಬದರಿ


5 ಡಿಸೆಂಬರ್ 2025

ತಮ್ಮ ಬದರಿ,

ನಾಡಿದ್ದು ಭಾನುವಾರ ಬೇಗ ಬಾ. ನಿನ್ನನ್ನು ಯಾರೂ ಪರಿಚಯ ಮಾಡಿಸಬೇಕಿಲ್ಲ, ಕೈ ನೋಡಿ ಗುರುತು ಹಿಡಿಯುತ್ತೇನೆ. ನಿನ್ನೆ ಆದದ್ದನ್ನು ಮಾತ್ರ ಇವತ್ತೇ ಬರೆಯಬೇಕು, ನಾಳೆ ಓದುತ್ತೀಯ.

ತಿಲಕ್ ನಗರದ ಬಳೆಗಾರ್ತಿ ಪೆಟ್ಟಿಗೆ ಬಿಚ್ಚಿ ಕೂತಳು. ನಡುಮನೆ ತುಂಬ ಹೆಂಗಸರು. ನಾನು ಮೊದಲು ಕೂತೆ. ಬಲಗೈ ಚಾಚಿದೆ, ಒಂದು ಡಜನ್ ಏರಿಸಿದಳು. ಎಡಗೈ ಕೇಳಿದಳು. "ಅದಕ್ಕಿಲ್ಲ" ಅಂದೆ.

ಪಿಳ್ಳಮ್ಮ ಕಾಯುತ್ತಿದ್ದಳು. "ಅಕ್ಕಾ, ಹುಡುಗಿ ತಾಯಿ ಒಂದ್ ಕೈ ಖಾಲಿ ಇಟ್ಕೊಂಡು ಶಾಸ್ತ್ರಕ್ಕೆ ಕೂತ್ಕಂಡ್ರೆ ಬೀಗರು ಏನಂದಾರು? ದೊಡ್ಡ ಸೈಜಿಂದು ನಾಕ್ ಹಾಕ್ಕೊ, ಮೊಣಕೈಗೇನಾಗ್ತದೆ?"

"ಸೆರಗು ಹೊದ್ಕೊಂಡ್ರೆ ಕಾಣ್ಸಲ್ಲ ಬಿಡು" ಅಂದಳು ಇನ್ನೊಬ್ಬಳು, ನನಗೆ ಒಳ್ಳೆಯದು ಮಾಡಲು.

ನಾನು ಸೆರಗು ಹೊದೆಯಲಿಲ್ಲ. ಹಿಂದಕ್ಕೆ ಎಸೆದೆ. ಮೊಣಕೈ ಗಾಯ, ಮಣಿಕಟ್ಟಿನ ಗಾಯ, ಸೂಜಿ ಚುಚ್ಚಿದ ಕಪ್ಪು ಚುಕ್ಕೆ, ಎಲ್ಲ ಕಾಣುವ ಹಾಗೆ ಕೈ ತೊಡೆ ಮೇಲೆ ಇಟ್ಟುಕೊಂಡೆ. ಪಿಳ್ಳಮ್ಮನ ಅಂಗೈ ಹಿಡಿದು ಎಳೆದು ನನ್ನ ತೋಳಿನ ಮೇಲೆ ಒತ್ತಿದೆ. ಅವಳು ಹಾವು ಮುಟ್ಟಿದ ಹಾಗೆ ಬೆಚ್ಚಿದಳು. ಬಿಡಲಿಲ್ಲ.

"ನಿನ್ ಬಳೆ ಸದ್ದು ಮಾಡ್ಬೇಕಂದ್ರೆ ನೀನು ಕೈ ಆಡಿಸ್ಬೇಕು. ಇದು ನಾನು ಸುಮ್ನೆ ಕೂತಿದ್ರೂ ಮಾಡ್ತದೆ. ಇದು ನಿಂತ್ರೆ ನಾನು ನಿಲ್ತೀನಿ. ನಿಮ್ಮಣ್ಣನ ಆಯಸ್ಸು ನಿಮ್ಮಣ್ಣ ನೋಡ್ಕೊಳ್ಲಿ" ಅಂದೆ.

ಯಜಮಾನರು ಅಂಗಳದಲ್ಲೇ ಇದ್ದರು. ಬೀಡಿಗೆ ಕಡ್ಡಿ ಗೀರಿದವರು ಬೆರಳು ಸುಡುವ ತನಕ ಹಾಗೇ ನಿಂತರು.

ಬಳೆಗಾರ್ತಿ ಪಾಪ, ಎಡಗೈಯ ಡಜನ್ ಹಿಡಿದುಕೊಂಡೇ ಇದ್ದಳು. "ಇದನ್ನೇನ್ ಮಾಡ್ಲಿ ಅಮ್ಮಾ? ಶಾಸ್ತ್ರಕ್ಕೆ ಬಿಚ್ಚಿದ್ ಜೋಡಿ ವಾಪಸ್ ಪೆಟ್ಟಿಗೆಗೆ ಹಾಕ್ಬಾರ್ದು."

"ಹಾಕ್ಬೇಡ. ನಮ್ಮತ್ತೆ ಕೈಗೆ ತೊಡಿಸು."

ಮೊದಲೇ ಯೋಚಿಸಿದ್ದಲ್ಲ ಬದರಿ, ಬಾಯಿಗೆ ಬಂತು. ಅಷ್ಟು ಹೆಂಗಸರಿದ್ದ ಮನೆಯಲ್ಲಿ ಒಂದು ಬಳೆಯೂ ಅಲುಗಲಿಲ್ಲ. ಅತ್ತೆ ಇಂಥ ಶಾಸ್ತ್ರಕ್ಕೆ ನಲವತ್ತು ವರ್ಷದಿಂದ ನಡುಮನೆಗೆ ಬಂದವರಲ್ಲ, ಅಡುಗೆಮನೆ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಬೈಯುತ್ತಾರೆ ಅಂತ ಎಲ್ಲರೂ ಕಾದರು. ನಾನೂ ಕಾದೆ.

ಅತ್ತೆ ಸುಲಿಯುತ್ತಿದ್ದ ಎಸಳನ್ನು ಪೂರ್ತಿ ಸುಲಿದು ಬಟ್ಟಲಿಗೆ ಹಾಕಿದರು. ಸೆರಗಿಗೆ ಕೈ ಒರೆಸಿಕೊಂಡರು. ಗೋಡೆ ಹಿಡಿದು ಬಂದು, ಪಿಳ್ಳಮ್ಮನನ್ನು "ಸರಿಯೇ ಅತ್ಲಾಗೆ" ಅಂತ ಸರಿಸಿ, ಚಾಪೆಯ ಮೇಲೆ ನನ್ನ ಪಕ್ಕ ಕೂತರು. ಒಣಗಿದ ಕೈ ಚಾಚಿದರು. ಬಳೆಗಾರ್ತಿ ಒಂದು ಬಳೆ ಏರಿಸಿದಳು, ಅದು ಸರ್ರನೆ ಮೊಣಕೈ ತನಕ ಜಾರಿತು.

ಅತ್ತೆ ಕೈ ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಇದು ದೊಡ್ಡದಾಯ್ತು ಕಣಮ್ಮ, ಸಣ್ಣ ಅಳತೇದು ತೆಗಿ" ಅಂದರು.

ನಿನ್ನ ಅಕ್ಕ,
ಅರೆಕೆರೆ ನಾರಾಯಣಮ್ಮ